ಚೀಲದ ಮೇಲೆ ಕೂತವರ ಲೆಕ್ಕ

ಮೊನ್ನೆ ಅಟ್ಟದ ಕಾಯಿ ಇಳಿಸಿ, ಸುಲಿಸಿ, ಒಡೆಸಿ, ಕೊಬ್ಬರಿ ಚೀಲ ತುಂಬಿಸಿದ್ದೆ. ಹದಿನಾಲ್ಕು ಕ್ವಿಂಟಾಲ್ ಆಗಿತ್ತು. ತಿಪಟೂರಿಗೆ ಹೊರಡೋಕೆ ಸಣ್ಣ ಗೂಡ್ಸ್ ಗಾಡಿ ಕರೆಸಿದೆ. ಗಾಡಿಯವನು, "ಅಣ್ಣ, ಎಲ್ಲ ಒಂದೇ ಟ್ರಿಪ್ಪಿಗೆ ಹಾಕ್ಬಿಡಣ. ನೀವು ಮುಂದೆ ಕೂತ್ಕೊಳಿ, ಆಳುಗಳಿಬ್ರು ಚೀಲದ ಮೇಲೆ ಕೂರ್ಲಿ" ಅಂದ. ನಾನು ಎರಡಕ್ಕೂ ಬೇಡ ಅಂದೆ. "ಇಷ್ಟು ದೂರಕ್ಕೆಲ್ಲ ಇದೇನಣ್ಣ" ಅಂತ ಗೊಣಗಿದ. ಯಾಕೆ ಬೇಡ ಅಂದೆ ಅನ್ನೋದಕ್ಕೆ ಸ್ವಲ್ಪ ಹಳೇ ಕಥೆ ಹೇಳ್ಬೇಕು.

ನಮ್ಮ ತಾತನ ಕಾಲದಲ್ಲಿ ಸಾಗಾಟ ಅಂದ್ರೆ ಎತ್ತಿನ ಗಾಡಿ. ಭಾರ ಜಾಸ್ತಿಯಾದ್ರೆ ಎತ್ತೇ ಹೇಳ್ತಿತ್ತು, ಏರಲ್ಲಿ ನಿಂತುಬಿಡ್ತಿತ್ತು. 1884ರಲ್ಲಿ ಬೆಂಗಳೂರಿಂದ ತುಮಕೂರಿಗೆ ರೈಲು ಬಂತು, 1889ರ ಹೊತ್ತಿಗೆ ಅದೇ ದಾರಿ ತಿಪಟೂರು ದಾಟಿ ಹರಿಹರ ಮುಟ್ಟಿತು. ಉಂಡೆ ಕೊಬ್ಬರಿ ದೂರದ ಊರಿಗೆ ಹೋಗೋ ದಾರಿ ಸಲೀಸಾಯ್ತು. ಆದರೂ ತೋಟದಿಂದ ಪೇಟೆವರೆಗೆ ಗಾಡಿಯೇ. ಆಮೇಲೆ ಲಾರಿ ಬಂತು. ಲಾರಿ ಎತ್ತಿನ ಥರ ನಿಂತು ಹೇಳಲ್ಲ. ಬ್ರೇಕ್ ಹಿಡಿಯದೇ ಇದ್ದಾಗ, ಆಕ್ಸಲ್ ಮುರಿದಾಗ ಮಾತ್ರ ಹೇಳುತ್ತೆ. ಹಾಗಾಗಿ ಎತ್ತು ಹೇಳ್ತಿದ್ದ ಮಾತನ್ನ ಕಾನೂನು ಹೇಳಬೇಕಾಯ್ತು.

ಬ್ರಿಟಿಷ್ ಇಂಡಿಯಾದಲ್ಲಿ 1939ರಲ್ಲಿ ಆದ ಮೋಟಾರು ವಾಹನ ಕಾಯ್ದೆ ಸ್ವಾತಂತ್ರ್ಯದ ನಂತರ ನಮ್ಮ ಮೈಸೂರು ಸೀಮೆಗೂ ಬಂತು. ನಾವು ಎಫ್‌ಸಿ ಅಂತೀವಲ್ಲ, ಆ ಫಿಟ್‌ನೆಸ್ ಸರ್ಟಿಫಿಕೇಟು ಆ ಕಾಯ್ದೆಯಲ್ಲೇ ಇತ್ತು. ಈಗ ನಡೀತಿರೋದು 1988ರ ಕಾಯ್ದೆ, 1989ರ ಜುಲೈ 1ರಿಂದ ಜಾರಿ. ಅದರ 56ನೇ ಕಲಂ ಪ್ರಕಾರ ಎಫ್‌ಸಿ ಇಲ್ಲದ ಬಾಡಿಗೆ ಗಾಡಿ ನೋಂದಣಿಯೇ ಇಲ್ಲದ ಗಾಡಿಗೆ ಸಮ. ಹೊಸ ಗಾಡಿಗೆ ಮೊದಲ ಎರಡು ವರ್ಷ ಎಫ್‌ಸಿ ಇರುತ್ತೆ. ಎಂಟು ವರ್ಷ ತುಂಬೋವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಬ್ರೇಕು, ಸ್ಟೇರಿಂಗು, ಲೈಟು ಎಲ್ಲ ತೋರಿಸಿ ಮಾಡಿಸಬೇಕು.

ಇನ್ನು ಭಾರದ ವಿಷಯ. ಹಿಂದೆ ಕೆಲವು ರಾಜ್ಯಗಳಲ್ಲಿ ಮುಂಚೆಯೇ ದುಡ್ಡು ಕಟ್ಟಿ ಕಾರ್ಡು ತಗೊಂಡ್ರೆ ಓವರ್‌ಲೋಡ್ ಹಾಕ್ಕೊಂಡೇ ಹೋಗಬಹುದಿತ್ತು. 2005ರ ನವೆಂಬರಲ್ಲಿ ಪರಮ್‌ಜಿತ್ ಭಾಸಿನ್ ಅನ್ನೋರ ಕೇಸಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ತಡೆ ಹಾಕ್ತು. ದಂಡ ಕಟ್ಟಿದ ಮಾತ್ರಕ್ಕೆ ಭಾರ ಕಮ್ಮಿ ಆಗಲ್ಲ, ಹೆಚ್ಚಿನ ಮಾಲು ಇಳಿಸಲೇಬೇಕು ಅಂತು. 2018ರಲ್ಲಿ ಸರ್ಕಾರವೇ ಮಿತಿ ಏರಿಸ್ತು. ಆರು ಚಕ್ರದ ಲಾರಿಗೆ ಮಾಲು, ಗಾಡಿ ಸೇರಿ 16.2 ಟನ್ ಇದ್ದಿದ್ದು 18.5 ಆಯ್ತು. ಮಾರನೇ ವರ್ಷ, 2019ರ ಸೆಪ್ಟೆಂಬರ್ 1ರಿಂದ, ಕೇಂದ್ರದ ಕಾಯ್ದೆಯಲ್ಲಿ ದಂಡ 2,000 ರೂಪಾಯಿಂದ 20,000ಕ್ಕೆ ಹೋಯ್ತು. ಅದರ ಮೇಲೆ ಹೆಚ್ಚಿನ ಒಂದೊಂದು ಟನ್ನಿಗೂ 2,000.

ದಂಡ ಗಾಡಿಯವನಿಗೆ, ನಮಗೇನು ಅಂತ ಅನ್ನಿಸಬಹುದು. ನಮಗೆ ತಟ್ಟೋದು ವಿಮೆಯಲ್ಲಿ.

ನಮ್ಮಪ್ಪ ಎಷ್ಟೋ ಸಲ ಚೀಲದ ಮೇಲೆ ಟವೆಲ್ ಹಾಸ್ಕೊಂಡು ತಿಪಟೂರಿಗೆ ಹೋಗಿದಾರೆ. ಮಾಲಿನ ಮೇಲೆ ಕಣ್ಣಿರಬೇಕು ಅಂತ ಎಲ್ಲರೂ ಹಾಗೇ ಹೋಗ್ತಿದ್ರು. 1988ರ ಕಾಯ್ದೆ ಬಂದಾಗ ಗೂಡ್ಸ್ ಗಾಡಿಯಲ್ಲಿ ಹೋಗೋ ಮಾಲಿನ ಯಜಮಾನನಿಗೆ ಕಡ್ಡಾಯ ವಿಮೆಯಲ್ಲಿ ಜಾಗ ಇರಲಿಲ್ಲ. 1994ರ ನವೆಂಬರಲ್ಲಿ ತಿದ್ದುಪಡಿಯಾಗಿ ಮಾಲಿನ ಯಜಮಾನ ಅಥವಾ ಅವನು ಕಳಿಸಿದ ಪ್ರತಿನಿಧಿಯನ್ನ ಸೇರಿಸಿದರು. ಸುಮ್ಮನೆ ಹತ್ತಿದ ಮಿಕ್ಕವರ ಹೊಣೆ ವಿಮಾ ಕಂಪನಿದಲ್ಲ ಅಂತ 2002ರಲ್ಲಿ ಆಶಾ ರಾಣಿ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳ್ತು. 2007ರಲ್ಲಿ ಇನ್ನೊಂದು ಕೇಸಲ್ಲಿ, ಮಾಲಿನ ಯಜಮಾನ ಅಂದ್ರೆ ಕ್ಯಾಬಿನ್ ಒಳಗೆ ಕೂತವನು ಅಂತ ಅರ್ಥ ಹೇಳ್ತು.

ಅಂದ್ರೆ ಅದೇ ಮಾಲು, ಅದೇ ಯಜಮಾನ, ಕೂತ ಜಾಗ ಬೇರೆಯಾದ್ರೆ ಲೆಕ್ಕವೇ ಬೇರೆ. ಆಳುಗಳದ್ದು ಇನ್ನೂ ಕಷ್ಟ. ಗಾಡಿ ಮಾಲೀಕನ ಸ್ವಂತ ಕೆಲಸಗಾರರಿಗೆ ವಿಮೆಯಲ್ಲಿ ಜಾಗ ಇದೆ. ನಾವು ಕರ್ಕೊಂಡು ಹೋಗೋ ಆಳುಗಳು ಅವನ ಕೆಲಸಗಾರರಲ್ಲ. ಕೆಲವು ಕೇಸಲ್ಲಿ ಕಂಪನಿ ಮೊದಲು ಕೊಟ್ಟು ಆಮೇಲೆ ಗಾಡಿ ಮಾಲೀಕನಿಂದ ವಸೂಲು ಮಾಡ್ಕೊಳ್ಳಲಿ ಅಂತ ಕೋರ್ಟು ಹೇಳಿರೋದೂ ಇದೆ. ಅದನ್ನ ನಂಬ್ಕೊಂಡು ಹತ್ತೋಕಾಗಲ್ಲ.

ನಮ್ಮ ಸಂಬಂಧಿಕರೊಬ್ಬರು ಹೀಗೇ ಚೀಲದ ಮೇಲಿಂದ ಬಿದ್ದು ಸೊಂಟ ಮುರ್ಕೊಂಡ್ರು. ವಿಮೆ ಸಿಗಲಿಲ್ಲ. ಗಾಡಿಯವನ ಹತ್ರ ಗಾಡಿ ಬಿಟ್ರೆ ಬೇರೇನೂ ಇರಲಿಲ್ಲ, ಅದೂ ಸಾಲದ್ದು. ಎರಡು ವರ್ಷದ ಕೊಬ್ಬರಿ ದುಡ್ಡು ಆಸ್ಪತ್ರೆಗೇ ಹೋಯ್ತು. ಈಗಲೂ ಅವರು ಕೋಲು ಹಿಡಿದೇ ತೋಟಕ್ಕೆ ಬರೋದು.

ಅದಕ್ಕೆ ಈಗ ನಾನು ಗಾಡಿ ಗೊತ್ತು ಮಾಡೋ ಮುಂಚೆ ನಂಬರನ್ನ ಫೋನಿನ ಎಂ-ಪರಿವಾಹನ್ ಆ್ಯಪಲ್ಲಿ ಹಾಕಿ ನೋಡ್ತೀನಿ. ಎಫ್‌ಸಿ ಯಾವತ್ತಿನವರೆಗೆ, ಇನ್ಶೂರೆನ್ಸ್ ಯಾವತ್ತಿನವರೆಗೆ ಅಂತ ಎರಡೂ ಬರುತ್ತೆ. ಆರ್‌ಸಿಯಲ್ಲಿ ಬರೆದಿರೋ ತೂಕ ನೋಡ್ತೀನಿ. ಮುಕ್ಕಾಲು ಟನ್ನಿನ ಗಾಡಿ ಅಂದ್ರೆ ಏಳೂವರೆ ಕ್ವಿಂಟಾಲ್, ಅಷ್ಟೇ. ಹದಿನಾಲ್ಕು ಹಾಕಿದ್ರೆ ಸುಮಾರು ಎರಡು ಪಟ್ಟು.

ಮೊನ್ನೆ ಎರಡು ಟ್ರಿಪ್ ಹೊಡೆಸಿದೆ. ಬಾಡಿಗೆ ಜಾಸ್ತಿ ಬಿತ್ತು, ನಿಜ. ನಾನು ಗಾಡಿಯವನ ಪಕ್ಕ ಕೂತೆ, ಆಳುಗಳಿಬ್ಬರಿಗೂ ಬಸ್ ಚಾರ್ಜು ಕೊಟ್ಟೆ. ಅವರು ನಮಗಿಂತ ಮುಂಚೆಯೇ ಹೋಗಿ ಯಾರ್ಡಿನ ಗೇಟಲ್ಲಿ ಟೀ ಕುಡೀತಾ ನಿಂತಿದ್ರು.