ಪಾಪಾ: ಚಳಿನಾಡಿನ ಸೀತಾಫಲದ ನೆಂಟ

ಪಾಪಾ ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಬೆಳೆಯುವ ಹಣ್ಣಿನ ಮರ. ಸೀತಾಫಲದ ಕುಟುಂಬಕ್ಕೆ ಸೇರಿದ್ದು. ಬಹುಪಾಲು ಉಷ್ಣವಲಯದ್ದೇ ಆದ ಈ ಕುಟುಂಬದಲ್ಲಿ ಮೈನಸ್ 25 ಡಿಗ್ರಿ ಸೆಲ್ಸಿಯಸ್‌ ಚಳಿಯನ್ನೂ ತಾಳುವ ಮರವೊಂದಿರುವುದು ಬೆರಗೇ ಸರಿ. ಇದನ್ನು ಬೀಜದಿಂದ ಬೆಳೆಸುವುದು ಕಷ್ಟವೆಂಬ ಮಾತಿದೆ. ಆದರೆ ಸೋಲಿಗೆ ಕಾರಣ ಹೆಚ್ಚಾಗಿ ಚಳಿಯಲ್ಲ, ಒಣಗಿಸುವ ರೂಢಿ: ತರಕಾರಿ ಬೀಜದಂತೆ ಬಿಸಿಲಿಗೆ ಹರಡಿದರೆ ಭ್ರೂಣ ಸಾಯುತ್ತದೆ. ತಿರುಳು ತೊಳೆದು, ತೇವದ ಪಾಚಿಯಲ್ಲಿ ಸುಮಾರು 5 ಡಿಗ್ರಿಯಲ್ಲಿ 70ರಿಂದ 100 ದಿನ ಇಟ್ಟರೆ ಬೀಜದ ಸುಪ್ತಾವಸ್ಥೆ ಮುರಿಯುತ್ತದೆ. ಬಿತ್ತಿದ ಮೇಲೆ ಮೊದಲು ತಾಯಿಬೇರು ಇಳಿಯುತ್ತದೆ, ಚಿಗುರು ಬಹಳ ತಡವಾಗಿ ಕಾಣುತ್ತದೆ. ಆದ್ದರಿಂದ ಆಳದ ಕುಂಡ ಬೇಕು, ಮೊದಲ ವರ್ಷ ನೆರಳೂ ಬೇಕು.

ಸಸಿ ತಾಯಿಮರವನ್ನು ಹೋಲದು, ಫಲಕ್ಕೆ 5ರಿಂದ 8 ವರ್ಷ ಕಾಯಬೇಕು, ಕಸಿಯೇ ಲೇಸು ಎಂಬ ಆಕ್ಷೇಪ ಮಾರುಕಟ್ಟೆಯ ಲೆಕ್ಕದಲ್ಲಿ ಸರಿ. ಆದರೆ ಕಸಿ ಕಟ್ಟುವ ಬೇರುಗಿಡವೂ ಬೀಜದ್ದೇ. ಪಾಪಾ ತಳಿಗಾರ ನೀಲ್ ಪೀಟರ್ಸನ್ ಆರಿಸಿದ ‘ಶೆನಂಡೋವಾ’, ‘ಸಸ್ಕ್ವೆಹಾನಾ’ ತಳಿಗಳು ಸಿಕ್ಕಿದ್ದೂ ಬೀಜದ ಸಸಿಗಳ ನಡುವೆಯೇ. ಮೇಲಾಗಿ ಈ ಮರ ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿ ಕಚ್ಚುವುದಿಲ್ಲ. ಒಂದಕ್ಕೊಂದು ಹೋಲದ ಸಸಿಗಳ ಗುಂಪು ಆ ಕೊರತೆಯನ್ನು ತಾನಾಗಿಯೇ ನೀಗುತ್ತದೆ. ಬೇಸಿಗೆಯೂ ತಣ್ಣಗಿರುವ ಕಡೆ ಮಾತ್ರ, ಮರ ಬದುಕಿದರೂ ಹಣ್ಣು ಮಾಗುವುದು ಅನುಮಾನ.