ತಾಡಪತ್ರಿ

ಮಳೆ, ಬಿಸಿಲು, ಧೂಳುಗಳಿಂದ ಸರಕನ್ನು ಕಾಯಲು ಬಳಸುವ, ನೀರು ಇಳಿಯದಂತೆ ಸಂಸ್ಕರಿಸಿದ ದೊಡ್ಡ ಹಾಸು ಅಥವಾ ಹೊದಿಕೆ. ಟಾರ್ಪಾಲಿನ್, ತಾಡಪಾಲು ಎಂಬ ಹೆಸರುಗಳೂ ರೂಢಿಯಲ್ಲಿವೆ. ಕಲಬುರಗಿ ಜಿಲ್ಲೆಯ ಭಂಕೂರ, ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಪ್ರದೇಶದಲ್ಲಿ ಹೆಸರು, ಉದ್ದು, ತೊಗರಿಯ ರಾಶಿಗೂ ಸಿಮೆಂಟ್ ಸಾಗಣೆಗೂ ಇದು ಬೇಕಾಗುತ್ತದೆ. ಹೆಸರು, ಉದ್ದುಗಳು ಮುಂಗಾರು ಮುಗಿಯುವ ಮುನ್ನವೇ ಕೊಯ್ಲಿಗೆ ಬರುವುದರಿಂದ ಅವು ಮಳೆಗೆ ಸಿಕ್ಕಿ ಮೊಳಕೆಯೊಡೆಯುವ ಭಯವಿರುತ್ತದೆ. ಸಿಮೆಂಟ್ ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುವುದರಿಂದ ಚೀಲಕ್ಕೆ ತಗುಲಿದ ತೇವವೂ ನಷ್ಟ ತರುತ್ತದೆ.

ತಾಡಪತ್ರಿಯ ದಪ್ಪವನ್ನು ಸಾಮಾನ್ಯವಾಗಿ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ತೂಕ, ಎಂಬ ಅಳತೆಯಲ್ಲಿ ಹೇಳುತ್ತಾರೆ. 8 ಮೀಟರ್ ಉದ್ದ, 6 ಮೀಟರ್ ಅಗಲದ 250 ಜಿಎಸ್‌ಎಂ ಹಾಸು 12 ಕಿಲೋಗ್ರಾಂ ತೂಗುತ್ತದೆ.

ತಾಡಪತ್ರಿಯ ಬಗೆಗಳಲ್ಲಿ ಹತ್ತಿಯ ಕ್ಯಾನ್ವಾಸ್ ಹಳೆಯದು. ನೀರು ತಗುಲಿದಾಗ ಅದರ ನೂಲು ಉಬ್ಬಿ ನೇಯ್ಗೆಯ ಸಂದುಗಳನ್ನು ಮುಚ್ಚುತ್ತದೆ. ಮೇಣದ ಲೇಪ ನೀರು ತಡೆಯುವ ಗುಣವನ್ನು ಹೆಚ್ಚಿಸುತ್ತದೆ. ಗಾಳಿಯಾಡುವುದರಿಂದ ಒಳಗೆ ಬೆವರು ಕಟ್ಟುವುದು ಕಡಿಮೆಯಾದರೂ ನೆನೆದಾಗ ಭಾರವಾಗುತ್ತದೆ, ಒದ್ದೆಯಾಗಿಯೇ ಮಡಚಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತದೆ.

ಎಚ್‌ಡಿಪಿಇ ತಾಡಪತ್ರಿಯಲ್ಲಿ ಅಧಿಕ ಸಾಂದ್ರತೆಯ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ನೇಯ್ದು, ಎರಡೂ ಬದಿಗೆ ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್ ಪದರ ಹಚ್ಚಿರುತ್ತಾರೆ. ಭಾರತೀಯ ಮಾನಕ ಐಎಸ್ 7903 ಈ ಬಗೆಗೆ ಸಂಬಂಧಿಸಿದ್ದು, ಕೃಷಿ ಇಲಾಖೆ ರೈತ ಸಂಪರ್ಕ ಕೇಂದ್ರಗಳ ಮೂಲಕ ಸಹಾಯಧನದಲ್ಲಿ ಕೊಡುವುದೂ ಇದನ್ನೇ. ಹಗುರ, ಅಗ್ಗ, ಕೊಳೆಯದು. ಆದರೆ ಬಿಸಿಲಿನ ಅತಿನೇರಳೆ ಕಿರಣಗಳು ಇದರ ಅಣುಸರಪಳಿಯನ್ನು ಕಡಿಯುವುದರಿಂದ ಕಪ್ಪು ಇಂಗಾಲದ ಪುಡಿಯನ್ನೋ ಬೇರೆ ರಕ್ಷಕಗಳನ್ನೋ ಬೆರೆಸದ ಹಾಸು ಈ ಸೀಮೆಯ ಬೇಸಿಗೆಯಲ್ಲಿ ಬೇಗ ಪೆಡಸಾಗಿ ಹರಿಯುತ್ತದೆ.

ಪಾಲಿಯೆಸ್ಟರ್ ಬಟ್ಟೆಗೆ ಪಿವಿಸಿ ಲೇಪಿಸಿದ ಬಗೆ ಸಾಮಾನ್ಯವಾಗಿ 500 ಜಿಎಸ್‌ಎಂಗಿಂತ ಹೆಚ್ಚಿದ್ದು, ಹಗ್ಗದ ಸೆಳೆತವನ್ನೂ ಉಜ್ಜಾಟವನ್ನೂ ಚೆನ್ನಾಗಿ ತಾಳುತ್ತದೆ. ಇದರ ಜೋಡಣೆಗಳನ್ನು ಹೊಲಿಯದೆ ಶಾಖದಿಂದ ಬೆಸೆಯಬಹುದಾದ್ದರಿಂದ ಸೂಜಿತೂತಿನ ಸೋರಿಕೆ ಇರುವುದಿಲ್ಲ. ಹೆಚ್ಚಿನ ತೂಕ, ಬೆಲೆ ಇದರ ಕೊರತೆಗಳು. ಮೃದುತ್ವಕ್ಕಾಗಿ ಸೇರಿಸಿದ ರಾಸಾಯನಿಕಗಳು ಕಾಲಾಂತರದಲ್ಲಿ ಹೊರಹೋದಂತೆ ಲೇಪ ಬಿರುಕು ಬಿಡುತ್ತದೆ.

ಆದ್ದರಿಂದ ಜಿಎಸ್‌ಎಂ ಒಂದನ್ನೇ ನೋಡಿ ತಾಡಪತ್ರಿಯನ್ನು ಆರಿಸುವುದು ಸರಿಯಲ್ಲ. ಕಣದಲ್ಲಿ ಹಾಸಿ ಸುತ್ತಿಡಲು ಕಿರಣರಕ್ಷಕ ಬೆರೆಸಿದ ಎಚ್‌ಡಿಪಿಇ, ದಿನನಿತ್ಯ ಓಡುವ ಸಿಮೆಂಟ್ ಲಾರಿಗೆ ಪಿವಿಸಿ, ಗಾಳಿಯಾಡಬೇಕಾದ ಸರಕಿಗೆ ಕ್ಯಾನ್ವಾಸ್ ತಕ್ಕವು. ಯಾವ ಪ್ಲಾಸ್ಟಿಕ್ ಹೊದಿಕೆಯಾದರೂ ಸರಿಯಾಗಿ ಒಣಗದ ಕಾಳಿನ ತೇವವನ್ನು ಒಳಗೇ ಹಿಡಿದಿಟ್ಟು ಬೂಷ್ಟಿಗೆ ಎಡೆಮಾಡುವುದರಿಂದ, ಮಳೆ ನಿಂತೊಡನೆ ಅದನ್ನು ತೆಗೆದು ರಾಶಿಗೆ ಗಾಳಿ ಕೊಡುವುದು ಅವಶ್ಯ.