ಕರಾರು ಮುಗೀತು, ಮನೆ ಬಿಡಿ!

ಬಾಡಿಗೆ ಕರಾರು ಮುಗಿದರೂ ಮನೆ ಬಿಡದವರನ್ನು ಏನು ಮಾಡೋದು? 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಉತ್ತರ ಸರಳ: ಅವಧಿ ಮುಗಿದರೆ ಹಕ್ಕೂ ಮುಗೀತು, ದಾವೆ ಹೂಡಿ ಬಿಡಿಸಿಕೊಳ್ಳಿ. ಆಗಿನ ಮೈಸೂರು ರಾಜ್ಯದ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದನ್ನು ತಲೆಕೆಳಗು ಮಾಡಿತು. ಕರಾರು ಮುಗಿದಿದ್ದು ಕಾರಣವೇ ಅಲ್ಲ. ಬಾಡಿಗೆ ಬಾಕಿಯೋ, ಸ್ವಂತ ವಾಸದ ಅಗತ್ಯವೋ, ಅಂಥದ್ದೇನಾದರೂ ಕೋರ್ಟಿಗೆ ತೋರಿಸಬೇಕಿತ್ತು. ಅಪ್ಪ ಹಾಕಿದ ಕೇಸನ್ನು ಮಕ್ಕಳು ಮುಂದುವರಿಸಿದ್ದೂ ಉಂಟು! ಆದರೂ ಆ ಕಾಯ್ದೆಯನ್ನು ನಾನು ಬೈಯಲಾರೆ. ಅದಿಲ್ಲದಿದ್ದರೆ ಎಷ್ಟು ಸಂಸಾರ ಬೀದಿಗೆ ಬೀಳ್ತಿತ್ತೋ...

2001ರ ಡಿಸೆಂಬರ್ 31ಕ್ಕೆ ಜಾರಿಗೆ ಬಂದ 1999ರ ಬಾಡಿಗೆ ಕಾಯ್ದೆ, ಬೆಂಗಳೂರಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿತು. ಅವಕ್ಕೆ ಮತ್ತೆ 1882ರದ್ದೇ ಗತಿ. ಹಾಗಂತ ಬೀಗ ಒಡೆದು ಸಾಮಾನು ಹೊರಗೆಸೆದರೆ, ಆರು ತಿಂಗಳೊಳಗೆ ಬಾಡಿಗೆದಾರನೇ ದಾವೆ ಹೂಡಿ ಮತ್ತೆ ಒಳಗೆ ಬರಬಹುದು.